ಮೂರು ವರ್ಷದ ಅಳತೆ

ಜನವರಿ 12

ನಮ್ಮನೆಯವರಿಗೆ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒತ್ತು, ದೀರ್ಘ ತಪ್ಪಿದ್ದರೆ ನೀವೇ ಹೊಂದಿಸಿಕೊಂಡು ಓದಿ, ನಗಬೇಡಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಲ್ಲ ಬಟ್ಟೆಯ ಮೇಲೆ, ಟೇಲರ್ ಚಾಕಿನಲ್ಲಿ, ಅದೂ ಬರೀ ಗೆರೆ ಮತ್ತು ಅಂಕಿ.

ಫೋನು ಇರುವಾಗ ಕಾಗದ ಯಾಕೆ ಅಂತ ನಿಮಗೆ ಅನಿಸಬಹುದು. ಇದು ಅತ್ತೆಯ ಅಪ್ಪಣೆ. "ನೀವಿಬ್ರೂ ಫೋನ್ ಹಿಡ್ಕೊಂಡು ಒಬ್ರ ಉಸಿರು ಒಬ್ರು ಕೇಳಿಸ್ಕೊಳ್ತಾ ಕೂತಿರ್ತೀರ. ಕಾಗದ ಬರಿ ಹೋಗು. ಅದ್ರಲ್ಲಿ ಸುಮ್ನಿರೋಕಾಗಲ್ಲ" ಅಂದರು.

ನೀವು ನಮ್ಮ ಗಾರ್ಮೆಂಟ್ಸ್ ಬಿಟ್ಟು ಆ ಊರಿನ ಫ್ಯಾಕ್ಟರಿಗೆ ಹೋದ ಮೇಲೆ ನಾನು ಕೆಲಸಕ್ಕೆ ಹೋಗಿಲ್ಲ. ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ಕಳೆದ ವಾರ ಅತ್ತೆ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು "ಮಕ್ಕಳೆಷ್ಟಮ್ಮ?" ಅಂತ ಕೇಳಿದರು. ನಾನು ಒಂದು ಅಂದೆ. ಉಳಿದದ್ದನ್ನು ಅತ್ತೆಯೇ ಹೇಳಿದರು: "ಇದ್ಳು ಸಾರ್. ಎರಡು ವರ್ಷ ತುಂಬಿತ್ತು. ಜ್ವರದಲ್ಲಿ ಹೋದ್ಳು." ಡಾಕ್ಟರು ಮಾತ್ರೆ ಬರೆದುಕೊಟ್ಟರು. ಆಮೇಲೆ ಪಡಸಾಲೆಯ ಕೊನೆಯಲ್ಲಿ ಒಂದು ಕೋಣೆ ಇದೆ, ಗುರುವಾರ ಗುರುವಾರ ಅಲ್ಲಿಗೆ ಹೋಗಿ ಚಿತ್ರ ಬರೆಯಿರಿ, ಮನಸ್ಸಿಗೆ ಒಳ್ಳೆಯದು ಅಂದರು.

ದಾರಿಯುದ್ದಕ್ಕೂ ಅತ್ತೆಯದು ಒಂದೇ ಮಾತು. "ಹಲ್ಲು ನೋವಿಗೆ ಮಾತ್ರೆ, ಗಾಯಕ್ಕೆ ಪಟ್ಟಿ, ದುಃಖಕ್ಕೆ ಬಣ್ಣದ ಪೆನ್ಸಿಲ್ಲಂತೆ! ಇನ್ನೂ ಏನೇನು ನೋಡ್ಬೇಕೋ." ಆದರೂ ಮನೆಗೆ ಬಂದು ಗುರುವಾರಕ್ಕೆ ಅಂತ ನನ್ನ ಸೀರೆಗೆ ಇಸ್ತ್ರಿ ಹಾಕಿ ಇಟ್ಟರು.

ನೀವು ಹೋಗುವಾಗ ಹೇಳಿದ್ದಿರಿ, ಅವಳ ಹೆಸರು ಎತ್ತಬೇಡ ಅಂತ. ಎತ್ತಿಲ್ಲ.

ನಿಮ್ಮ ಮನೆಯವಳು

ಜನವರಿ 28

ಪಿನ್ನಮ್ಮನಿಗೆ,

ಕಾಗದ ಬಂತು. ಅಕ್ಷರ ಪರವಾಗಿಲ್ಲ. ಬಾಯಿ ತುಂಬ ಪಿನ್ನು ಕಚ್ಚಿಕೊಂಡು ವರ್ಷಗಟ್ಟಲೆ ಮಾತಾಡದೆ ಕೆಲಸ ಮಾಡಿದವಳು ಇಷ್ಟು ಬರೆದದ್ದೇ ಹೆಚ್ಚು.

ಇಲ್ಲಿ ಈಗ ಗಂಡಸರ ಶರ್ಟಿನ ಆರ್ಡರು. ಕಟಿಂಗ್ ಮೇಜು ನಮ್ಮಲ್ಲಿಯದಕ್ಕಿಂತ ಉದ್ದ. ಕತ್ತರಿಸುವ ಮೆಷಿನ್ನೂ ಹೊಸದು. ರೂಮಿನಲ್ಲಿ ನಾವು ನಾಲ್ವರು. ಅದರಲ್ಲಿ ಕಾಲರ್ ಹೊಲಿಯುವವನೊಬ್ಬ ನಿದ್ದೆಯಲ್ಲೂ ಕಾಲಿನಿಂದ ಮೆಷಿನ್ ತುಳಿಯುತ್ತಾನೆ. ಅವನ ಮಂಚದ ಪಕ್ಕ ಮಲಗಿದರೆ ರೈಲಿನಲ್ಲಿ ಮಲಗಿದ ಹಾಗೆ.

ಅಮ್ಮನ ಮಂಡಿ ನೋವು ಹೇಗಿದೆ? ಮಾತ್ರೆ ತಪ್ಪಿಸಬೇಡ. ಚಿತ್ರ ಗಿತ್ರ ನಿನಗೆ ಸರಿ ಅನಿಸಿದರೆ ಹೋಗು. ಬೇರೆ ವಿಷಯ ಬರೆಯುವುದು ಬೇಡ.

ಇತಿ,
ಕಟಿಂಗ್ ಮಾಸ್ಟರ್

ಫೆಬ್ರವರಿ 20

ನಮ್ಮನೆಯವರಿಗೆ ನಮಸ್ಕಾರ.

ಅತ್ತೆಯ ಮಂಡಿ ಹಾಗೇ ಇದೆ. ಬಾಯಿಯೂ ಹಾಗೇ ಇದೆ.

ಚಿತ್ರದ ಕೋಣೆಗೆ ಹೋಗುತ್ತಿದ್ದೇನೆ. ಮೊದಲು ಅದು ಆಸ್ಪತ್ರೆಯ ಹಳೆ ಹಾಸಿಗೆ ಇಡುವ ಕೋಣೆಯಂತೆ. ಎತ್ತರದ ಕಿಟಕಿ, ಎರಡು ಉದ್ದ ಮೇಜು, ಒಂದು ನಲ್ಲಿ. ನಲ್ಲಿಯ ಕೆಳಗಿನ ತೊಟ್ಟಿಗೆ ಎಷ್ಟು ಬಣ್ಣ ಅಂಟಿದೆ ಅಂದರೆ ಉಜ್ಜಿದರೂ ಹೋಗುವುದಿಲ್ಲ. ಒಬ್ಬರು ಮೇಡಂ ಇದ್ದಾರೆ. ಕೂದಲು ಗಂಡುಮಕ್ಕಳ ಹಾಗೆ ಗಿಡ್ಡ, ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ. ಮೊದಲ ದಿನ ನಾನು ಕಾಗದ ಮುಂದಿಟ್ಟುಕೊಂಡು ಸುಮ್ಮನೆ ಕೂತೆ. "ನಂಗೆ ಚಿತ್ರ ಬರಲ್ಲ ಮೇಡಂ" ಅಂದೆ. "ಬರ್ಬೇಕು ಅಂತ ಯಾರು ಹೇಳಿದ್ರು? ಸುಮ್ನೆ ಕೂತ್ಕೊಳ್ಳೋದೂ ಸರೀನೇ" ಅಂದರು. ಅವರೂ ನನ್ನ ಪಕ್ಕ ಸುಮ್ಮನೆ ಕೂತರು. ಯಾರೂ ನನ್ನನ್ನು ಏನೂ ಕೇಳದೆ ಪಕ್ಕದಲ್ಲಿ ಕೂತು ಬಹಳ ದಿನ ಆಗಿತ್ತು.

ಅಲ್ಲಿ ಒಬ್ಬರು ರಿಟೈರಾದ ಬಸ್ ಕಂಡಕ್ಟರ್ ಇದ್ದಾರೆ. ಬರೀ ಬಸ್ಸಿನ ಕಿಟಕಿ ಬರೆಯುತ್ತಾರೆ. ಕಿಟಕಿಯಲ್ಲಿ ಒಬ್ಬರೂ ಇರುವುದಿಲ್ಲ. ಅವರ ಎದುರು ಕೂರುವ ಅಜ್ಜಿ ಪ್ರತಿ ಸಲ ಕೆಣಕುತ್ತಾರೆ.

"ಏನ್ ಕಂಡಕ್ಟ್ರೇ, ಇವತ್ತೂ ಖಾಲಿ ಗಾಡೀನಾ?"

"ಹತ್ತೋರಿಲ್ಲ ಅಜ್ಜಿ. ನೀವ್ ಬರ್ತೀರಾ?"

"ಟಿಕೆಟ್ ಕೇಳ್ದಿದ್ರೆ ಬರ್ತೀನಿ."

ಅವರ ಹೆಂಡತಿ ತೀರಿಕೊಂಡರಂತೆ. ಅಜ್ಜಿಗೆ ಏನಾಗಿದೆ ಅಂತ ನನಗೆ ಗೊತ್ತಿಲ್ಲ. ಅಲ್ಲಿ ಯಾರೂ ಅದನ್ನು ಕೇಳುವುದಿಲ್ಲ.

ಮೂರನೆಯ ಗುರುವಾರ ನಾನು ಬಣ್ಣದ ಕಡ್ಡಿ ಕೈಗೆ ತೆಗೆದುಕೊಂಡೆ. ಏನು ಬರೆಯಬೇಕು ಅಂತ ತಲೆಯಲ್ಲಿ ಏನೂ ಇರಲಿಲ್ಲ. ಕೈ ತಾನಾಗಿ ಒಂದು ನೇರ ಗೆರೆ ಎಳೆಯಿತು, ಅದಕ್ಕೆ ಅಡ್ಡಲಾಗಿ ಇನ್ನೊಂದು, ಆಮೇಲೆ ಮೂಲೆಯಲ್ಲಿ ಒಂದು ಸಣ್ಣ ಬಾಗು. ನೋಡಿದರೆ ಕುತ್ತಿಗೆಯ ಕಟ್! ನಿಮ್ಮ ಮೇಜಿನ ಮೇಲೆ ದಿನಕ್ಕೆ ನೂರು ಸಲ ಬರೆದದ್ದು. ಮೇಡಂ ಬಂದು ನೋಡಿ "ಇದೇನಿದು?" ಅಂದರು. "ಫ್ರಾಕಿನ ಮುಂಭಾಗ" ಅಂದೆ. "ಹಿಂಭಾಗ ಇಲ್ವಾ?" ಅಂದರು. ಅದನ್ನೂ ಬರೆದೆ. ಅವತ್ತು ಮನೆಗೆ ಬಂದು ಊಟ ಮಾಡಿದೆ. ಅತ್ತೆ ತಟ್ಟೆಗೆ ಇನ್ನೊಂದು ಸಲ ಬಡಿಸಿದರು.

ನಿಮ್ಮ ಮನೆಯವಳು

ಮಾರ್ಚ್ 17

ನಮ್ಮನೆಯವರಿಗೆ ನಮಸ್ಕಾರ.

ಇವತ್ತು ಗುರುವಾರ ಅಲ್ಲದಿದ್ದರೂ ಕೋಣೆಗೆ ಹೋಗಿದ್ದೆ. ಮೇಡಂ ಒಳಗೆ ಬಿಟ್ಟರು. ದೊಡ್ಡ ಕಾಗದ ಕೇಳಿದೆ, ಕೊಟ್ಟರು.

ಇದರ ಜೊತೆ ಫ್ರಾಕಿನ ಅಳತೆಯ ಒಂದು ಪೇಪರ್ ಕಟಿಂಗ್ ಮಡಚಿ ಇಟ್ಟಿದ್ದೇನೆ. ನೋಡಿ.

ಬೇರೆ ಏನೂ ವಿಶೇಷ ಇಲ್ಲ.

ನಿಮ್ಮ ಮನೆಯವಳು

ಏಪ್ರಿಲ್ 6

ಪಿನ್ನಮ್ಮನಿಗೆ,

ಕಟಿಂಗ್ ಬಂತು. ಗೆರೆ ಚೆನ್ನಾಗಿ ಬಂದಿದೆ. ನಿನ್ನ ಕೈ ಕೆಲಸ ಮರೆತಿಲ್ಲ. ಹೊಲಿಗೆಗೆ ಅಂಚನ್ನೂ ಸರಿಯಾಗಿ ಬಿಟ್ಟಿದ್ದೀಯ. ತೋಳು ಕೂಡಿಸುವ ಕಡೆ ಗುರುತಿಗೆ ಕಚ್ಚು ಹಾಕುವುದು ಮಾತ್ರ ಮರೆತಿದ್ದೀಯ, ನಾನು ಹಾಕಿಕೊಂಡೆ.

ನಿನಗೆ ಮತ್ತೆ ಕೆಲಸದ ಮೇಲೆ ಮನಸ್ಸು ಬಂದದ್ದು ನೋಡಿ ಸಮಾಧಾನ ಆಯಿತು. ಭಾನುವಾರ ಸ್ಟೋರಿನವನ ಹತ್ತಿರ ಒಳ್ಳೆಯ ಹತ್ತಿ ಬಟ್ಟೆಯ ತುಂಡು ಕೇಳಿ ತಂದು ಹೊಲಿದೆ. ಹಳದಿ ಬಣ್ಣ, ಸಣ್ಣ ಬಿಳಿ ಚುಕ್ಕಿ. ಕಾಲರಿನವನು ತಾನೇ ಕೇಳಿಕೊಂಡು ಕಾಲರ್ ಕೂಡಿಸಿಕೊಟ್ಟ. ಪಾರ್ಸೆಲ್ ಕಳಿಸಿದ್ದೇನೆ. ಒಗೆದರೆ ಸ್ವಲ್ಪ ಕುಗ್ಗುತ್ತದೆ ಅಂತ ಕೊಡುವಾಗ ಹೇಳು.

ಮೂರು ವರ್ಷದ ಅಳತೆ ಇದೆ. ಯಾರ ಮಗುವಿಗೆ? ಎದುರುಮನೆಯವರದಾ?

ಇತಿ,
ಕಟಿಂಗ್ ಮಾಸ್ಟರ್

ಮೇ 30

ನಮ್ಮನೆಯವರಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಆಗಲಿಲ್ಲ.

ಯಾರ ಮಗುವಿಗೆ ಅಂತ ಕೇಳಿದ್ದೀರಿ. ನಮ್ಮ ಮಗುವಿಗೆ. ನಾನು ಬರೆದ ತಾರೀಖು ನೋಡಿಕೊಳ್ಳಿ. ಇದ್ದಿದ್ದರೆ ಅವತ್ತಿಗೆ ಮೂರು ತುಂಬುತ್ತಿತ್ತು.

ಅದು ಚಿತ್ರ. ನನಗೆ ಬರುವ ಚಿತ್ರ ಅದೊಂದೇ. ನಿಮಗೆ ಕಳಿಸಿದರೆ ಅದೇನು ಅಂತ ತಿಳಿಯುತ್ತದೆ ಅಂದುಕೊಂಡಿದ್ದೆ. ಮಾತಲ್ಲಿ ಅವಳ ಹೆಸರು ಎತ್ತಬೇಡ ಅಂದಿರಿ, ಸರಿ, ಅಳತೆಯಲ್ಲಾದರೂ ಗುರುತು ಹಿಡಿಯುತ್ತೀರಿ ಅಂದುಕೊಂಡಿದ್ದೆ. ನೀವು ಕತ್ತರಿ ತೆಗೆದುಕೊಂಡಿರಿ. ತಪ್ಪು ನಿಮ್ಮದಲ್ಲ. ನಮ್ಮ ಕೆಲಸವೇ ಹಾಗೆ, ಕಾಗದ ಮುಂದೆ ಬಂದರೆ ಬಟ್ಟೆ ಹಾಸುವುದು.

ಪಾರ್ಸೆಲ್ ಬಿಚ್ಚಿದಾಗ ಅತ್ತೆ ಪಕ್ಕದಲ್ಲೇ ಇದ್ದರು. ಫ್ರಾಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನೋಡಿದರು. "ಇವನಿಗೇನು ಬುದ್ಧಿ ನೆಟ್ಟಗಿದೆಯಾ?" ಅಂದರು. ನಾನು ನಿಮ್ಮ ಕಾಗದ ಓದಿ ಹೇಳಿದೆ. ಆಮೇಲೆ ಅವರು ಒಳಗೆ ಹೋಗಿ ಪಾತ್ರೆ ತೊಳೆದರು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದರು.

ಫ್ರಾಕನ್ನು ಚಿತ್ರದ ಕೋಣೆಗೆ ತೆಗೆದುಕೊಂಡು ಹೋದೆ. ಮೇಜಿನ ಮೇಲೆ ಹಾಸಿದೆ. ಮೇಡಂಗೆ ಎಲ್ಲ ಹೇಳಿದೆ. ಅವರು ಕೇಳಿದರು.

"ಇದನ್ನ ಏನ್ ಮಾಡ್ಬೇಕು ಅನ್ಸತ್ತೆ ನಿಮಗೆ?"

"ಹರೀಬೇಕು ಅನ್ಸತ್ತೆ."

"ಹರೀರಿ."

"ಆಗಲ್ಲ ಮೇಡಂ. ಹೊಲಿಗೆ ತುಂಬಾ ಚೆನ್ನಾಗಿದೆ."

ಮೇಡಂಗೆ ನಗು ಬಂತು. ನನಗೂ ಬಂತು. ನಗುತ್ತಾ ನಗುತ್ತಾ ಅದು ಅಳು ಆಯಿತು. ಅವಳು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ, ನಿಮಗೆ ಗೊತ್ತು. ಕಂಡಕ್ಟರು ಗಾಬರಿಯಲ್ಲಿ ಓಡಿಬಂದು ಕುಂಚ ತೊಳೆಯುವ ನೀರನ್ನೇ ಕುಡಿಯಲು ಕೊಟ್ಟರು. ಅಜ್ಜಿ "ಅಯ್ಯೋ ಪುಣ್ಯಾತ್ಮ, ಅವಳ ಹೊಟ್ಟೇಲಿ ಚಿತ್ರ ಬರೀಬೇಕು ಅಂತಿದೀಯಾ?" ಅಂತ ಲೋಟ ಕಿತ್ತುಕೊಂಡರು.

ಇನ್ನೊಂದು ಮಾತು ಬರೆಯಬೇಕು. ಇದನ್ನು ಫೋನಿನಲ್ಲಿ ಹೇಳಲು ನನಗೆ ಯಾವತ್ತೂ ಧೈರ್ಯ ಬರುವುದಿಲ್ಲ. ಅವಳು ಹೋದ ದಿನ ಮಧ್ಯಾಹ್ನದಿಂದ ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ನಾನು ನೀವು ಬರುವುದನ್ನೇ ಕಾಯುತ್ತಿದ್ದೆ. ಸಣ್ಣ ಜ್ವರ, ನೀವು ಬಂದ ಮೇಲೆ ಗಾಡಿಯಲ್ಲಿ ಕರೆದುಕೊಂಡು ಹೋಗೋಣ ಅಂದುಕೊಂಡೆ. ಆಸ್ಪತ್ರೆಯ ಬಾಗಿಲಲ್ಲಿ ನೀವು ನನ್ನನ್ನು ಕೇಳಿದಿರಿ: "ಮನೇಲೇ ಇದ್ಯಲ್ಲ ನೀನು?" ಅಷ್ಟೇ. ಆಮೇಲೆ ನೀವು ಅದರ ಬಗ್ಗೆ ಮಾತೇ ಆಡಲಿಲ್ಲ, ಬೇರೆ ಊರಿಗೆ ಹೋದಿರಿ. ಆ ಮಾತು ಈ ಮನೆಯಲ್ಲೇ ಉಳಿದಿದೆ. ನಾನು ಅದರ ಜೊತೆ ಇದ್ದೇನೆ.

ಅದನ್ನು ನೀವು ಈಗಲೂ ಕೇಳುತ್ತಿದ್ದೀರೋ ಇಲ್ಲವೋ ನನಗೆ ಗೊತ್ತಾಗಬೇಕು. ಗೊತ್ತಾಗದೆ ನಿಮ್ಮನ್ನು ಬನ್ನಿ ಅಂತ ಕರೆಯಲಾರೆ, ಬರಬೇಡಿ ಅಂತಲೂ ಹೇಳಲಾರೆ.

ನಾನು

ಜುಲೈ 21

ಪಿನ್ನಮ್ಮನಿಗೆ,

ಇವತ್ತು ಯಾವ ದಿನ ಅಂತ ನಿನಗೆ ಹೇಳಬೇಕಾಗಿಲ್ಲ. ಒಂದು ವರ್ಷ. ಇವತ್ತು ಕೆಲಸಕ್ಕೆ ಹೋಗಲಿಲ್ಲ. ರೂಮಿನಲ್ಲಿ ಯಾರೂ ಇಲ್ಲ.

ನಿನ್ನ ಕಾಗದ ಬಂದ ದಿನ ಓದಿ ಮಡಚಿ ಇಟ್ಟೆ. ಮರುದಿನ ಮೇಜಿನ ಮೇಲೆ ಬಟ್ಟೆ ಹಾಸಿ, ಮೆಷಿನ್ ಹಾಕಿ, ಗೆರೆ ಬಿಟ್ಟು ಕತ್ತರಿಸಿಬಿಟ್ಟೆ. ಒಂದರ ಮೇಲೊಂದು ಹಾಸಿದ್ದ ಇಡೀ ಲಾಟು ಹಾಳಾಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ. ಸೂಪರ್‌ವೈಸರ್ ಬಾಯಿಗೆ ಬಂದ ಹಾಗೆ ಬೈದ. ಬೈದಷ್ಟು ಹೊತ್ತೂ ನನಗೆ ಹಿತವಾಗಿತ್ತು.

ನನಗೆ ಯಾಕೆ ಗುರುತು ಸಿಗಲಿಲ್ಲ ಅಂತ ಹೇಳುತ್ತೇನೆ. ನೀನು ಬರೆದದ್ದು ಚಾರ್ಟಿನ ಮಗು. ಫ್ಯಾಕ್ಟರಿಯ ಗೋಡೆ ಮೇಲೆ ತೂಗುಹಾಕಿರುತ್ತಲ್ಲ, ಮೂರು ವರ್ಷ ಅಂದರೆ ಎದೆ ಇಷ್ಟು, ತೋಳು ಇಷ್ಟು ಅಂತ, ಅದು. ನಮ್ಮ ಬುಗುರಿಯ ತೋಳು ಉದ್ದ. ನಮ್ಮ ಅಮ್ಮನ ಹಾಗೆ. ಅಂಗಡಿಯಿಂದ ತಂದ ಯಾವ ಅಂಗಿಯಲ್ಲೂ ಅವಳ ಮಣಿಕಟ್ಟು ಹೊರಗೇ ಇರುತ್ತಿತ್ತು. ಎರಡೂ ಕೈ ಚಾಚಿ ಗಿರಗಿರ ತಿರುಗಿ ಬಿದ್ದು, ಬಿದ್ದಲ್ಲೇ ನಗುತ್ತಿದ್ದಳಲ್ಲ, ಅದಕ್ಕೇ ತಾನೆ ನಾನು ಆ ಹೆಸರು ಇಟ್ಟದ್ದು. ನೀನು ಅವಳ ತೋಳನ್ನೇ ಬರೆದಿದ್ದರೆ ಮಡಿಕೆ ಬಿಚ್ಚುವ ಮೊದಲೇ ನನಗೆ ಗೊತ್ತಾಗುತ್ತಿತ್ತು.

ಹೆಸರು ಬರೆದುಬಿಟ್ಟೆ ನೋಡು.

ಆ ಮಾತಿನ ಬಗ್ಗೆ. ನೀನು ಮನೆಯಲ್ಲಿದ್ದೆ ಅಂತ ಅಂದೆ. ನಾನು ಇರಲಿಲ್ಲ ಅಂತ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಹಾಗೆ ಬಂತು. ನಿನ್ನನ್ನು ಕೇಳಿದ್ದಲ್ಲ. ಕೇಳುವವನೂ ನಾನೇ, ಉತ್ತರ ಇಲ್ಲದವನೂ ನಾನೇ. ಇದನ್ನು ಅವತ್ತೇ ಹೇಳಬೇಕಿತ್ತು. ಹೇಳದೆ ಬಸ್ಸು ಹತ್ತಿದೆ.

ಈಗ ಒಂದು ಕೆಲಸ ಮಾಡು. ಬರುವ ಮಾರ್ಚಿಗೆ ನಾಲ್ಕು ತುಂಬುತ್ತದೆ. ನಾಲ್ಕು ವರ್ಷದ ಕಟಿಂಗ್ ಬರೆದು ಕಳಿಸು. ತೋಳು ಉದ್ದ ಇಡು. ನಾನು ಹೊಲಿಯುತ್ತೇನೆ. ಇನ್ನು ಮೇಲೆ ಪ್ರತಿ ವರ್ಷ ನೀನು ಬರಿ, ನಾನು ಹೊಲಿಯುತ್ತೇನೆ. ಬೇರೇನೂ ಕೇಳುವುದಿಲ್ಲ.

ನಿನ್ನವನು

ಆಗಸ್ಟ್ 11

ನಮ್ಮನೆಯವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ತೋಳಿನ ವಿಷಯ ಬಂದಾಗ ಅವರು ತಮ್ಮ ಕೈಯನ್ನು ಮುಂದೆ ಚಾಚಿ ತಾವೇ ನೋಡಿಕೊಂಡರು. "ಹೌದು ಕಣೇ, ನಂಗೂ ಯಾವ ರವಿಕೆ ತೋಳೂ ಸರಿಹೋಗ್ತಿರ್ಲಿಲ್ಲ" ಅಂದರು.

ಆ ಮಾತು ನನ್ನನ್ನು ಕೇಳಿದ್ದಲ್ಲ ಅಂತ ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಓದಿ, ಮಲಗಿ ನಿದ್ದೆ ಮಾಡಿದೆ.

ನಾಲ್ಕರ ಕಟಿಂಗ್ ಬರೆಯಲು ಗುರುವಾರ ಕೂತೆ. ದೊಡ್ಡ ಕಾಗದ, ಸ್ಕೇಲು, ಎಲ್ಲ ಇಟ್ಟುಕೊಂಡೆ. ಎದೆಯ ಗೆರೆ ಎಳೆಯುವಾಗ ಕೈ ನಿಂತಿತು. ನಾಲ್ಕಕ್ಕೆ ಅವಳ ಎದೆ ಎಷ್ಟು? ಚಾರ್ಟು ನೋಡಬೇಕು. ತೋಳನ್ನು ಚಾರ್ಟಿಗಿಂತ ಉದ್ದ ಇಡಬಹುದು, ಆದರೆ ಎಷ್ಟು ಉದ್ದ? ನೀವೂ ಅಂದಾಜಿನಲ್ಲಿ ಹೇಳಬೇಕು. ಮೂರಕ್ಕೂ ನಾನು ಹೀಗೇ ಮಾಡಿದ್ದೆ. ನೀವು ಯಾರ ಮಗು ಅಂತ ಕೇಳಿದ್ದು ಸರಿಯಾಗೇ ಇತ್ತು. ಆ ಫ್ರಾಕು ಹಾಕಿಕೊಳ್ಳುವ ಮಗು ಯಾರದೋ. ನಮ್ಮವಳ ಅಳತೆ ಎರಡು ವರ್ಷದ್ದು. ನಮ್ಮ ಹತ್ತಿರ ಇರುವುದು ಅಷ್ಟೇ.

ಮೇಡಂಗೆ ಹೀಗೆ ಅಂದೆ. ಅವರು "ಹಾಗಾದ್ರೆ ಈ ಕಾಗದ ಏನ್ ಮಾಡೋಣ?" ಅಂದರು. ಅದರ ಮೇಲೆ ಬರೀ ಬಣ್ಣ ಹಚ್ಚಿದೆ. ಹಳದಿ ಹಚ್ಚಿ, ಅದು ಒಣಗುವ ಮೊದಲೇ ನೀಲಿ ಹಚ್ಚಿದೆ. ಒಂದರೊಳಗೊಂದು ಹರಿಯಿತು. ನಮ್ಮ ಫ್ಯಾಕ್ಟರಿಯಲ್ಲಿ ಬಟ್ಟೆ ಬಣ್ಣ ಬಿಟ್ಟರೆ ಲಾಟು ವಾಪಸ್ಸು ಬರುತ್ತದೆ. ಇಲ್ಲಿ ಹರಿದರೆ ಎಲ್ಲರೂ ಬಂದು ನಿಂತು ನೋಡುತ್ತಾರೆ.

ನಾನು ನಾಲ್ಕನ್ನು ಬರೆಯುವುದಿಲ್ಲ ರೀ. ಕ್ಷಮಿಸಿ. ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಮಕ್ಕಳ ಬಟ್ಟೆಯ ಮೇಜು ಬೇಡ ಅಂದೆ, ಪ್ಯಾಂಟಿನ ಮೇಜಿಗೆ ಹಾಕಿದ್ದಾರೆ.

ನಿಮ್ಮ ಮನೆಯವಳು

ಆಗಸ್ಟ್ 25

ನೀನು ಬಿಟ್ಟುಬಿಟ್ಟೆ.

ನನಗೆ ಈಗ ತಾನೇ ಅವಳು ಸಿಕ್ಕಿದ್ದಳು. ಒಂದು ವರ್ಷ ಹೆಸರೂ ಎತ್ತದೆ ಇದ್ದು, ಈಗ ಹೆಸರು ಬರೆದೆ, ತೋಳು ನೆನಪು ಮಾಡಿಕೊಂಡೆ, ನೀನು ಅಷ್ಟರಲ್ಲಿ ಕಾಗದ ಮಡಚಿ ಪ್ಯಾಂಟಿನ ಮೇಜಿಗೆ ಹೋದೆ. ಬಣ್ಣ ಹಚ್ಚಿದರೆ ಮುಗಿಯಿತಾ?

ಇನ್ನು ಕಾಗದ ಬೇಡ.

ಸೆಪ್ಟೆಂಬರ್ 19

ನಮ್ಮನೆಯವರಿಗೆ,

ಬೇಡ ಅಂದರೂ ಬರೆಯುತ್ತಿದ್ದೇನೆ. ಓದದೆ ಇಟ್ಟರೂ ಸರಿ.

ಮುಗಿದಿಲ್ಲ. ಬಸ್ಸಿನಲ್ಲಿ ಪಕ್ಕದ ಹೆಂಗಸಿನ ತೊಡೆಯ ಮೇಲೆ ಮಗು ಇದ್ದರೆ ನಾನು ನನ್ನ ನಿಲ್ದಾಣ ಬರುವ ಮೊದಲೇ ಇಳಿದು ನಡೆದು ಹೋಗುತ್ತೇನೆ. ನೀವು ಅಷ್ಟು ಬೈದದ್ದು ಒಂದು ಕಡೆಯಿಂದ ಒಳ್ಳೆಯದೇ ಆಯಿತು. ಅವಳಿಗಾಗಿ ಯಾರ ಮೇಲಾದರೂ ನೀವು ಜೋರು ಮಾಡಿದ್ದು ಇದೇ ಮೊದಲು. ಒಂದು ವರ್ಷ ನಾನೊಬ್ಬಳೇ ಅತ್ತವಳು ಅಂದುಕೊಂಡಿದ್ದೆ.

ಎರಡು ಗುರುವಾರ ಕೋಣೆಗೆ ಹೋಗಲಿಲ್ಲ. ಹೋದ ವಾರ ಹೋದೆ. ಕಂಡಕ್ಟರು ಈಗ ಒಂದು ಕಿಟಕಿಯಲ್ಲಿ ಒಂದು ಕೈ ಬರೆದಿದ್ದಾರೆ. ಕೈ ಮಾತ್ರ, ಬಳೆ ಇರುವ ಕೈ. ಅಜ್ಜಿ ಆ ದಿನ ಏನೂ ಕೆಣಕಲಿಲ್ಲ.

ಮೇಡಂ ಹತ್ತಿರ ಕಾಗದ ತೆಗೆದುಕೊಂಡು ನಾನು ಅವಳನ್ನು ಬರೆದೆ. ಕಟಿಂಗ್ ಅಲ್ಲ, ಅವಳನ್ನೇ. ಎರಡು ವರ್ಷದವಳು. ತೋಳು ನೀವು ಹೇಳಿದ ಹಾಗೆ ಉದ್ದವಾಗಿ, ಎರಡೂ ಕಡೆ ಚಾಚಿ. ಕಾಲು ಸೊಟ್ಟ ಬಂದಿದೆ, ತಿರುಗುವಾಗ ಹಾಗೇ ಇರುತ್ತಿತ್ತು, ಇರಲಿ ಅಂತ ಬಿಟ್ಟೆ. ಕೂದಲು ಬರೆದೆ. ಕಣ್ಣು ಬರೆದೆ. ಮೂಗಿಗೆ ಬಂದಾಗ ಗೊತ್ತಾಯಿತು, ನನಗೆ ಅವಳ ಮೂಗು ನೆನಪಿಲ್ಲ. ನಾನು ಹೆತ್ತವಳು. ದಿನಾ ಒರೆಸಿದ ಮೂಗು. ಮನೆಗೆ ಬಂದು ಫೋಟೋ ನೋಡಿದೆ, ಅದರಲ್ಲಿ ಅವಳು ಅಲುಗಾಡಿ ಮುಖವೆಲ್ಲ ಮಸುಕು. ಅತ್ತೆಯನ್ನು ಕೇಳಿದೆ. ಅವರು "ಮೂಗು ಮೂಗಿನ ಹಾಗಿತ್ತು, ಇನ್ನು ಹೇಗಿರತ್ತೆ?" ಅಂತ ರೇಗಿ, ಆಮೇಲೆ ಸೆರಗು ಬಾಯಿಗೆ ಇಟ್ಟುಕೊಂಡರು.

ಚಿತ್ರ ಹಾಗೇ ಇದೆ, ಮೂಗಿಲ್ಲದೆ. ಮೇಡಂ ಅದನ್ನು ಕಿಟಕಿಯ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದಾರೆ. ತೋಳು ನನಗೆ ಮರೆತಿತ್ತು, ನಿಮಗೆ ನೆನಪಿತ್ತು. ಮೂಗೂ ನಿಮಗೆ ನೆನಪಿರಬಹುದು. ಕಾಗದದಲ್ಲಿ ಬರೆದು ಕಳಿಸಿದರೆ ನನಗೆ ತಿಳಿಯುವುದಿಲ್ಲ. ನೀವು ಪಕ್ಕದಲ್ಲಿ ಕೂತು, ಸ್ವಲ್ಪ ಮೇಲೆ, ಇಲ್ಲ, ಸ್ವಲ್ಪ ಕೆಳಗೆ ಅಂತ ಹೇಳಬೇಕು. ನಿಮಗೂ ನೆನಪಿಲ್ಲದಿದ್ದರೆ ಇಬ್ಬರೂ ಸುಮ್ಮನೆ ಕೂರೋಣ. ಅಲ್ಲಿ ಸುಮ್ಮನೆ ಕೂರುವುದೂ ಸರಿಯೇ.

ನಿನ್ನೆ ನೀವು ಅತ್ತೆಗೆ ಫೋನು ಮಾಡಿದ್ದಿರಂತೆ. "ಬರ್ತೀನಿ ಅಂದ್ರಾ ಅತ್ತೆ?" ಅಂತ ಕೇಳಿದೆ. "ಎಲ್ಲಿ ಅಂತಾನೆ ಮಹಾರಾಯ. ಬೆಳಗಿನ ಮೊದಲ ಬಸ್ಸು ಈಗಲೂ ಆರಕ್ಕೇ ಬರತ್ತಾ ಅಂತ ಕೇಳ್ದ. ಹೂಂ ಅಂದೆ. ಇಟ್ಬಿಟ್ಟ" ಅಂದರು.

ಈ ಮಳೆಗೆ ನಮ್ಮ ಬೀದಿ ಬಾಗಿಲು ಉಬ್ಬಿಕೊಂಡಿದೆ. ಭುಜ ಕೊಟ್ಟು ದೂಡಿದರೂ ಅಲುಗುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಸ್ಟೂಲು ಹಾಕಿಕೊಂಡು ಅದರ ಅಂಚಿಗೆ ಮೇಲಿಂದ ಕೆಳಗಿನವರೆಗೂ ಮೇಣದಬತ್ತಿ ಉಜ್ಜಿದೆ. ಈಗ ಒಂದೇ ಕೈಯಲ್ಲಿ ತೆರೆಯುತ್ತದೆ.

ನಿಮ್ಮವಳು